ಕನ್ನಡಿ ಕಟ್ಟಿದ ಕೊಳವೆ

"ಅದನ್ನ ಕೆಳಗಿಡಿ ಮೇಡಂ. ಅದು ಕಸ."

ರಸಾಯನಶಾಸ್ತ್ರ ವಿಭಾಗದ ದೊಡ್ಡ ಮೇಷ್ಟ್ರ ದನಿ ಎಂದಿನಂತೆ ಮೆತ್ತಗೇ ಇತ್ತು. ಆದರೆ ಅವರು ಕುರ್ಚಿಯಿಂದ ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಕಸ ನೋಡಿ ಯಾರೂ ಹಾಗೆ ಏಳುವುದಿಲ್ಲ.

ನಾನು ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಿರುಬೆರಳ ದಪ್ಪ, ಒಂದು ಮೊಳ ಉದ್ದ. ಒಂದು ತುದಿ ನೀರಿನಷ್ಟು ಸ್ವಚ್ಛ. ಇನ್ನೊಂದು ತುದಿಯ ಒಳಮೈಗೆ ಬೆಳ್ಳಿ ಬಳಿದಂಥ ಹೊಳಪು. ಅದರಲ್ಲಿ ನನ್ನದೇ ಕಣ್ಣು ಉದ್ದಕ್ಕೆ ಎಳೆದುಕೊಂಡು ನನ್ನನ್ನೇ ನೋಡುತ್ತಿತ್ತು.

ಅದು ಸಿಕ್ಕಿದ್ದು ಪ್ರಯೋಗಾಲಯದ ಸಿಂಕಿನ ಕೆಳಗೆ, ಒಡೆದ ಗಾಜು ಹಾಕುವ ಡಬ್ಬದಲ್ಲಿ. ಅಷ್ಟೊಂದು ಚೂರುಗಳ ಮಧ್ಯೆ ಒಡೆಯದೇ ಇದ್ದದ್ದು ಇದೊಂದೇ. ಈ ಜನ ಗಾಜಿನ ವಿಷಯದಲ್ಲಿ ಮಹಾ ಜಿಪುಣರು. ತುದಿ ಮುಕ್ಕಾದ ಕೊಳವೆಯನ್ನೂ ಬೆಂಕಿಗೆ ಹಿಡಿದು ಸರಿಮಾಡಿಕೊಂಡು ಇನ್ನೆರಡು ವರ್ಷ ದುಡಿಸುತ್ತಾರೆ. ಅಂಥವರಲ್ಲಿ ಯಾರೋ ಗಟ್ಟಿಮುಟ್ಟಾದ ಕೊಳವೆಯನ್ನು ಎಸೆದಿದ್ದರು.

"ಇದರ ಒಳಗೆ ಹಿಡಿದಿರೋದು ಏನು ಸರ್?"

"ಮಸಿ. ಬಿಸಿ ಮಾಡಿದ ಗಾಜಿಗೆ ಮಸಿ ಹಿಡಿಯದೇ ಇರುತ್ತಾ?"

"ಮಸಿ ಕಪ್ಪಗಿರುತ್ತೆ ಸರ್. ನಮ್ಮನೇಲಿ ಪಾತ್ರೆ ತಿಕ್ಕೋಳು ನಾನೇ."

ಅವರು ಬಗ್ಗಿ ಕನ್ನಡಕ ಎತ್ತಿಕೊಂಡರು. ಒರೆಸಿದರು. ಹಾಕಿಕೊಳ್ಳಲಿಲ್ಲ.

"ಸರಿ, ಬರೀ ಮಾತಿಗೆ ಕೇಳ್ತೀನಿ. ನಿಕ್ಕಲ್ ಇದ್ರೆ ಗಾಜಿಗೆ ಹೀಗೆ ಹೊಳಪು ಕಟ್ಟುತ್ತಾ?"

ಮೇಷ್ಟ್ರಿಗೆ ಒಂದು ದೌರ್ಬಲ್ಯ ಇರುತ್ತದೆ. ಪ್ರಶ್ನೆ ಕೇಳಿದವರು ಶತ್ರುವಾದರೂ ಸರಿ, ಉತ್ತರ ಬಾಯಿಗೆ ಬಂದುಬಿಡುತ್ತದೆ. ಅವರಿಗೂ ಬಂತು.

"ಕಟ್ಟುತ್ತೆ. ನಿಕ್ಕಲ್ ಇರೋ ಪುಡಿ ಮೇಲೆ ಕಾರ್ಬನ್ ಮಾನಾಕ್ಸೈಡ್ ಹರೀತಿರುವಾಗಲೇ ಕುಲುಮೆ ಆರಿಸಿದ್ರೆ, ತಣ್ಣಗಾಗ್ತಾ ಆಗ್ತಾ ಅವೆರಡೂ ಕೂಡ್ಕೊಂಡು ಒಂದು ಆವಿ ಆಗುತ್ತೆ. ಆ ಆವಿ ಹೊರಗಿನ ಬಿಸಿ ಕೊಳವೆಗೆ ತಾಗಿದ್ರೆ ಮುರಿದುಬಿದ್ದು, ನಿಕ್ಕಲ್ ಗಾಜಿಗೆ ಕೂತ್ಕೊಳುತ್ತೆ. ಕನ್ನಡಿ ಥರ. ತಪ್ಪಿಸ್ಕೊಂಡು ಮುಂದಕ್ಕೆ ಹೋದದ್ದು ಐಸ್ ಮಧ್ಯೆ ಇಟ್ಟಿರೋ ಬಾಟಲೀಲಿ ನೀರಾಗಿ ನಿಲ್ಲುತ್ತೆ."

"ಆ ಬಾಟಲಿ ಮುಚ್ಚಳ ಯಾರಾದ್ರೂ ತೆಗೆದ್ರೆ?"

"ತೆಗೆದ ಕೂಡ್ಲೇ ಏನೂ ಆಗಲ್ಲ. ತಲೆನೋವು, ವಾಕರಿಕೆ. ಸಂಜೆ ಹೊತ್ತಿಗೆ ಅದೂ ಹೋಗುತ್ತೆ. ವಾಸಿ ಆಯ್ತು ಅಂದ್ಕೋತಾರೆ. ಒಂದೋ ಎರಡೋ ದಿನ ಬಿಟ್ಟು ಕೆಮ್ಮು ಶುರುವಾಗುತ್ತೆ, ಆಮೇಲೆ ಉಸಿರು. ಅದಕ್ಕೇ ಬರೀ ಅನುಮಾನ ಬಂದ್ರೂ ಅವತ್ತೇ ಆಸ್ಪತ್ರೆಗೆ ಸೇರಿಸ್ಬೇಕು. ಔಷಧಿ ಇದೆ. ಈ ವಿಷಯದ ಮೇಲೆ ನಾನು ಎಷ್ಟು ಕಡೆ ಭಾಷಣ ಮಾಡಿದೀನಿ ಗೊತ್ತಾ?"

ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದರು.

ಕಳೆದ ಗುರುವಾರ ಬೆಳಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಉಸಿರು ನಿಂತ ಅವರ ಸಹಾಯಕ ಸಂಶೋಧಕನ ಶ್ವಾಸಕೋಶದಲ್ಲಿ ವೈದ್ಯರಿಗೆ ಸಿಕ್ಕಿದ್ದು ಇದೇ ನಿಕ್ಕಲ್. ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ಅವನೊಬ್ಬನೇ ಪ್ರಯೋಗಾಲಯದಲ್ಲಿ ಕೂತಿದ್ದ, ಬದುಕು ಬೇಸರವಾಗಿ ಬೇಕೆಂದೇ ಕುಡಿದ ಗಾಳಿ ಅದು ಎಂದು ಇಡೀ ವಿಭಾಗ ಒಂದೇ ಬಾಯಲ್ಲಿ ಹೇಳುತ್ತಿತ್ತು. ನಾಳೆ ವಿಚಾರಣಾ ಸಮಿತಿ ಕೂತು ಅದಕ್ಕೇ ಮುದ್ರೆ ಒತ್ತಲಿತ್ತು.

"ಅಂದ್ರೆ ನಾವು ಮಂಗಳವಾರದ ಹಿಂದೆ ಬಿದ್ದು ಪ್ರಯೋಜನ ಇಲ್ಲ ಸರ್. ಬುಧವಾರ ಬೆಳಗ್ಗೇನೇ ಅವರಿಗೆ ಕೆಮ್ಮು ಶುರುವಾಗಿತ್ತಂತೆ, ನೀವೇ ಹೇಳಿದ ಲೆಕ್ಕ ಹಿಡಿದ್ರೆ ಗಾಳಿ ಕುಡಿದದ್ದು ಸೋಮವಾರ. ಸೋಮವಾರ ಮಧ್ಯಾಹ್ನ ಅವರು ಇಲ್ಲಿನ ಕುಲುಮೇಲಿ ನಿಮ್ಮ ಪುಡಿ ಹಾಕಿ ಪ್ರಯೋಗ ಮಾಡಿದ್ರು."

"ನನ್ನ ಪುಡೀಲಿ ನಿಕ್ಕಲ್ ಇಲ್ಲ!" ಮೇಷ್ಟ್ರು ಮೊದಲ ಸಲ ದನಿ ಏರಿಸಿದರು. "ಇಡೀ ಪ್ರಪಂಚಕ್ಕೆ ಗೊತ್ತು. ನಿಕ್ಕಲ್ ಇಲ್ಲದೆ ಕೆಲಸ ಮಾಡೋ ಕ್ಯಾಟಲಿಸ್ಟ್ ಅಂತಲೇ ನನಗೆ ಪದಕ ಬಂದಿದ್ದು. ಈ ಕಟ್ಟಡ ನಿಂತಿರೋದೇ ಆ ಪುಡಿ ಮೇಲೆ."

"ಪುಡಿ ಮೇಲೆ ಕಟ್ಟಡ ಕಟ್ಟಿದೀರಲ್ಲ ಸರ್," ಎಂದೆ. ನನ್ನ ನಾಲಿಗೆಗೆ ಹೊತ್ತುಗೊತ್ತು ತಿಳಿಯುವುದಿಲ್ಲ.

ಅವರು ನಗಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತರು.

"ಮಂಗಳವಾರ ನಿಮ್ಮ ವಿದ್ಯಾರ್ಥಿನಿಯ ಪಿಎಚ್‌ಡಿ ಮೌಖಿಕ ಪರೀಕ್ಷೆ, ವೈವಾ, ಮುಗಿದ ಮೇಲೆ ನಿಮ್ಮ ಸಹಾಯಕರ ಜೊತೆ ಮಾತಾಡಿದ್ರಾ?"

"ಇಲ್ಲ. ಹಿಂದಿನ ಬೆಂಚಲ್ಲಿ ಕೂತು ಚಪ್ಪಾಳೆ ತಟ್ತಾ ಇದ್ದ. ಅದೇ ನಾನು ಅವನನ್ನ ಕೊನೇದಾಗಿ ನೋಡಿದ್ದು." ಕನ್ನಡಕವನ್ನು ಮತ್ತೆ ಒರೆಸಿದರು. "ಮಗನ ಹಾಗಿದ್ದ ಕಣಮ್ಮ."

ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಕಣ್ಣೀರು ನಿಜವಾಗಿದ್ದಾಗಲೂ ಮಾತು ಸುಳ್ಳಾಗಿರಬಹುದು ಎಂಬುದನ್ನು ಈ ಕಸುಬು ನನಗೆ ಚೆನ್ನಾಗಿಯೇ ಕಲಿಸಿದೆ.

*

ಸತ್ತವನನ್ನು ವಿಭಾಗದಲ್ಲಿ ಎಲ್ಲರೂ 'ಪರ್ಮನೆಂಟ್' ಎಂದೇ ಕರೆಯುತ್ತಿದ್ದರು. ಯಾಕೆಂದರೆ ಅವನ ಕೆಲಸ ಎಂದೂ ಪರ್ಮನೆಂಟ್ ಆಗಲಿಲ್ಲ.

ವರ್ಷಕ್ಕೊಂದು ಗುತ್ತಿಗೆ, ವರ್ಷಕ್ಕೊಂದು ಸಂದರ್ಶನ, ವರ್ಷಕ್ಕೊಮ್ಮೆ "ಮುಂದಿನ ಸಲ ಖಂಡಿತ." ಅವನ ಪಕ್ಕದಲ್ಲಿ ನಿಂತು ಕವಾಟ ತಿರುಗಿಸಲು ಕಲಿತವರೆಲ್ಲ ಪ್ರೊಫೆಸರುಗಳಾದರು, ಕಾರ್ಖಾನೆಗಳಲ್ಲಿ ದೊಡ್ಡ ಕುರ್ಚಿ ಹಿಡಿದರು. ಒಬ್ಬನಂತೂ ಆಯ್ಕೆ ಸಮಿತಿಯಲ್ಲಿ ಬಂದು ಕೂತು, ತನಗೆ ಪಾಠ ಹೇಳಿಕೊಟ್ಟವನಿಗೇ ಪ್ರಶ್ನೆ ಕೇಳಿ, ಅನುತ್ತೀರ್ಣ ಮಾಡಿ ಹೋದ. ಪರ್ಮನೆಂಟ್ ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ ಕಳಿಸಿದನಂತೆ.

"ಕ್ಯಾಟಲಿಸ್ಟ್ ಅಂದ್ರೆ ನಾನೇ ಕಣ್ರಯ್ಯಾ. ನನ್ನಿಂದ ಎಲ್ಲರ ಕೆಲಸ ಬೇಗ ಆಗುತ್ತೆ, ನಾನು ಮಾತ್ರ ಇದ್ದ ಹಾಗೇ ಇರ್ತೀನಿ," ಎಂದು ನಗಿಸುತ್ತಿದ್ದನಂತೆ. ಈಗ ಆ ಮಾತು ಹೇಳಿ ಯಾರೂ ನಗುವುದಿಲ್ಲ.

ಕಳೆದ ಗುರುವಾರ ಅವನ ಕೊನೆಯ ಸಂದರ್ಶನ ಇತ್ತು. ಅದು ದಾಟಿದರೆ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಸಮಿತಿಯವರು ಬಂದೂ ಬಂದರು. ಆದರೆ ಸಂದರ್ಶನದ ಕೋಣೆಯಲ್ಲಿ ನಡೆದದ್ದು ಶೋಕಸಭೆ.

ನನ್ನನ್ನು ಈ ಕೆಲಸಕ್ಕೆ ಕರೆದವಳು ಅವನ ಹೆಂಡತಿ. ಅಪಘಾತಗಳ ಹಿಂದಿನ ನಿಜ ಹುಡುಕುವುದು ನನ್ನ ಕಸುಬು ಎಂದು ಯಾರೋ ಹೇಳಿದರಂತೆ. ಮೊದಲ ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದ್ದಳು:

"ಅವರಾಗೇ ನಮ್ಮನ್ನ ಬಿಟ್ಟು ಹೋದ್ರಾ, ಇಲ್ಲ ಯಾರಾದ್ರೂ ಕಿತ್ಕೊಂಡ್ರಾ? ಅಷ್ಟು ಹೇಳಿ ಅಕ್ಕ, ಸಾಕು. ನಾಳೆ ಇವಳು ದೊಡ್ಡವಳಾಗಿ ಕೇಳ್ತಾಳೆ. ನಾನೇನಂತ ಹೇಳ್ಲಿ?"

ಅಂದಿನಿಂದ ಆ ಮಾತು ನನ್ನ ಎದೆಯ ಮೇಲೆ ಕೂತಿದೆ. ಏಳುತ್ತಲೇ ಇಲ್ಲ.

*

ಮರಿ ಡಾಕ್ಟರ್ ತೂಕದ ಕೋಣೆಯಲ್ಲಿ ಇದ್ದಳು. ಪಿಎಚ್‌ಡಿ ಸಿಕ್ಕಿ ವಾರವಷ್ಟೇ ಆಗಿತ್ತು, ಹೊಸ ಅಡ್ಡಹೆಸರು ಆಗಲೇ ಅಂಟಿಕೊಂಡಿತ್ತು. ಮಂಗಳವಾರದ ವೈವಾ ಅವಳದೇ.

ಅದು ಬೀರುವಿನಷ್ಟೇ ದೊಡ್ಡ ಕೋಣೆ. ಫ್ಯಾನ್ ಇಲ್ಲ, ಗಾಳಿ ಬೀಸಿದರೆ ತಕ್ಕಡಿ ತಪ್ಪು ತೋರಿಸುತ್ತದಂತೆ. ಕಲ್ಲಿನ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅವಳು ತನ್ನ ಸೀಸೆಗಳನ್ನು ಒಂದೊಂದಾಗಿ ಹಳೇ ಪತ್ರಿಕೆಯಲ್ಲಿ ಸುತ್ತಿ ಅದರಲ್ಲಿ ಇಡುತ್ತಿದ್ದಳು.

"ಹೊರಟ್ಯೇನಮ್ಮ?"

"ಹೂಂ ಮೇಡಂ. ಬೇರೆ ಕಡೆ ಕೆಲಸ ಸಿಕ್ಕಿದೆ. ಮುಂದಿನ ವಾರ ಸೇರ್ಕೋಬೇಕು."

"ಕಾಯಂ ಕೆಲಸಾನಾ?"

ಅವಳ ಕೈ ಒಂದು ಕ್ಷಣ ನಿಂತಿತು. "ಹೌದು," ಎಂದಳು. ಹಾಗೆನ್ನಲು ನಾಚಿಕೆಯಾದಂತೆ ಕಂಡಿತು.

ನಾನು ಕೊಳವೆಯನ್ನು ಕಲ್ಲಿನ ಮೇಜಿನ ಮೇಲೆ, ಅವಳ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟೆ. ಅವಳ ಮುಖದಿಂದ ರಕ್ತ ಇಳಿದುಹೋಯಿತು.

"ಇದು ಎಲ್ಲಿ ಸಿಕ್ತು?"

"ಏನಿದು ಅಂತ ನೀನು ಕೇಳಲಿಲ್ಲ. ಎಲ್ಲಿ ಸಿಕ್ತು ಅಂತ ಕೇಳ್ತಿದೀಯ. ಕೂತ್ಕೋ."

ಅವಳು ಕೂರಲಿಲ್ಲ. ಗೋಡೆ ಹಿಡಿದುಕೊಂಡಳು.

"ಕುಲುಮೆ ಪಕ್ಕದ ಗೋಡೆ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದೆಯಲ್ಲ, ಮಾನಾಕ್ಸೈಡ್ ನಿಲ್ಲಿಸಿ ನೈಟ್ರೋಜನ್ ಬಿಡದೆ ಕುಲುಮೆ ಆರಿಸಬೇಡಿ ಅಂತ. ಯಾರ ಬರವಣಿಗೆ ಅದು?"

"ಅಣ್ಣಂದು. ಪರ್ಮನೆಂಟ್ ಅಣ್ಣಂದು."

"ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲಿದೆ. ಓದಿದೀಯ?"

ಅವಳು ಕಣ್ಣು ಮುಚ್ಚಿಕೊಂಡೇ ಒಪ್ಪಿಸಿದಳು. "ನಿಕ್ಕಲ್ ಇಲ್ಲದ ಪುಡಿಗೆ ಇದು ಬೇಕಿಲ್ಲ."

"ಯಾಕೆ ಬೇಕಿಲ್ಲ?"

"ಮಾನಾಕ್ಸೈಡಲ್ಲೇ ತಣ್ಣಗಾದ್ರೆ ಪುಡಿ ಕೆಡಲ್ಲ. ಮಾರನೇ ದಿನ ಮತ್ತೆ ಬಳಸ್ಬಹುದು. ನಮ್ಮಲ್ಲಿ ಎಲ್ಲರೂ ಹಾಗೇ ಮಾಡೋದು."

"ನೀನೂ ಹಾಗೇ ಮಾಡ್ತಿದ್ಯಾ?"

ತಕ್ಕಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಂಖ್ಯೆಗಳು ತಮ್ಮ ಪಾಡಿಗೆ ಮಿಣುಕುತ್ತಿದ್ದವು.

"ನಾನು ವಿಚಾರಿಸಿದೀನಿ," ಎಂದೆ. "ಈ ಪ್ರಯೋಗಾಲಯದಲ್ಲಿ ಯಾರೂ ಮಾಡದ ಕೆಲಸ ನೀನೊಬ್ಬಳು ಮಾಡ್ತಿದ್ದೆ. ಪ್ರತಿ ಸಲ ನೈಟ್ರೋಜನ್ ಬಿಟ್ಟೇ ಕುಲುಮೆ ಆರಿಸ್ತಿದ್ದೆ. ನಿನ್ನ ಪುಡೀಲಿ ನಿಕ್ಕಲ್ ಇಲ್ಲ ಅನ್ನೋದಾದ್ರೆ ಆ ಭಯ ಯಾಕೆ?"

ಗೋಡೆ ಹಿಡಿದಿದ್ದ ಕೈ ಜಾರಿತು. ಅವಳು ಹಾಗೆಯೇ ನೆಲಕ್ಕೆ ಕೂತಳು. ಸ್ವಲ್ಪ ಹೊತ್ತು ಬರೀ ಅಳು. ನಾನು ಕಾದೆ. ಅಳುವವರನ್ನು ಅವಸರಪಡಿಸಿದರೆ ಮಾತು ಒಳಕ್ಕೇ ಹೋಗಿಬಿಡುತ್ತದೆ.

"ಮೇಷ್ಟ್ರಿಗೆ ಪದಕ ತಂದ ಫಲಿತಾಂಶ ಯಾರಿಗೂ ಎರಡನೇ ಸಲ ಬರಲಿಲ್ಲ ಮೇಡಂ," ಎಂದಳು ಕೊನೆಗೆ. "ನನಗಿಂತ ಮುಂಚೆ ಇಬ್ಬರು ಬಿಟ್ಟು ಹೋದ್ರು. ನಾನು ಮೂರು ವರ್ಷ ತಿಣುಕಿದೆ. ಬರಲ್ಲ ಸರ್ ಅಂದ್ರೆ, ನಿನ್ನ ಕೈ ಸರಿಯಿಲ್ಲ ಅಂತಿದ್ರು. ಎಲ್ಲರೆದುರಿಗೆ. ನನ್ನ ಕೈ ಸರಿಯಿಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ."

"ಆಮೇಲೆ?"

"ಒಂದಿನ ಚಿಟಿಕೆ ನಿಕ್ಕಲ್ ಲವಣ ಬೆರೆಸಿ ನೋಡಿದೆ. ಬಂದುಬಿಡ್ತು. ಅವರ ಗ್ರಾಫ್ ಹೇಗಿತ್ತೋ ಹಾಗೇ. ಮೇಷ್ಟ್ರು ಬೆನ್ನು ತಟ್ಟಿ, ನೋಡಿದ್ಯಾ, ಮನಸ್ಸಿಟ್ಟು ಮಾಡಿದ್ರೆ ಬರುತ್ತೆ ಅಂದ್ರು." ಅವಳು ಮೂಗು ಒರೆಸಿಕೊಂಡಳು. "ಎಷ್ಟು ಸಲ ಹೇಳ್ಬೇಕು ಅಂದ್ಕೊಂಡೆ. ವಿದ್ಯಾರ್ಥಿವೇತನ ನಿಂತಿತ್ತು. ಮನೇಲಿ, ಇನ್ನೂ ಎಷ್ಟು ವರ್ಷ ಓದ್ತೀಯ ಅಂತಿದ್ರು. ಬಾಯಿ ಬರಲಿಲ್ಲ. ಯಾರಿಗೂ ಏನೂ ಆಗದ ಹಾಗೆ ನೋಡ್ಕೊಂಡ್ರೆ ಸಾಕು ಅಂದ್ಕೊಂಡೆ. ಯಂತ್ರದ ಹತ್ರ ಯಾರನ್ನೂ ಬಿಡ್ತಿರಲಿಲ್ಲ. ಪ್ರತಿ ಸಲ ನಾನೇ ನೈಟ್ರೋಜನ್ ಬಿಡ್ತಿದ್ದೆ. ಅಣ್ಣ ತಮಾಷೆ ಮಾಡೋರು, ಪುಕ್ಕಲಿ ಅಂತ."

"ಸೋಮವಾರ?"

"ಸೋಮವಾರ ನಾನು ಸಭಾಂಗಣದಲ್ಲಿದ್ದೆ, ಮಾರನೇ ದಿನದ ಭಾಷಣ ಅಭ್ಯಾಸ ಮಾಡ್ಕೊಂಡು. ಅಣ್ಣನಿಗೆ ಏನನ್ನಿಸ್ತೋ. ಪರೀಕ್ಷಕರ ಮುಂದೆ ಹೊಸ ಗ್ರಾಫ್ ಇದ್ರೆ ನಿನಗೆ ಧೈರ್ಯ ಅಂತ, ನನಗೆ ಹೇಳದೆ, ನನ್ನ ಸೀಸೆ ತಗೊಂಡು ಹಾಕಿದಾರೆ. ನನಗೆ ಉಡುಗೊರೆ ಕೊಡೋಕೆ ಮೇಡಂ. ಉಡುಗೊರೆ!"

ಈ ಹುಡುಗಿಯ ಮೇಲೆ ಕೋಪ ಬರಬೇಕಿತ್ತು, ಬಂದೂ ಇತ್ತು. ಆದರೆ ಆ ಮನುಷ್ಯ ಸೀಸೆ ಎತ್ತಿಕೊಂಡು, ಪುಡಿ ತೂಗಿ, ನಾಳೆ ಹುಡುಗಿಗೆ ಖುಷಿಯಾಗುತ್ತದೆ ಎಂದು ತನ್ನಷ್ಟಕ್ಕೆ ನಗುತ್ತ ಕುಲುಮೆ ಹೊತ್ತಿಸಿದ ಚಿತ್ರ ಕಣ್ಣಿಗೆ ಕಟ್ಟಿ ಕೋಪ ಕೆಲಸಕ್ಕೆ ಬಾರದೆ ಹೋಯಿತು. ಪುಡಿಯಲ್ಲಿ ನಿಕ್ಕಲ್ ಇಲ್ಲ ಎಂದು ಅವನು ನಂಬಿದ್ದ. ಗುರುವಿನ ಮಾತನ್ನು ನಂಬಿದ್ದ. ತಾನೇ ಬರೆದ ಸಣ್ಣ ಅಕ್ಷರದ ಸಾಲಿನಂತೆ, ಮಾನಾಕ್ಸೈಡ್ ಹರಿಯುತ್ತಿರುವಾಗಲೇ ಕುಲುಮೆ ಆರಿಸಿ, ಐಸಿನಲ್ಲಿದ್ದ ಬಾಟಲಿಯ ಮುಚ್ಚಳ ತೆಗೆದ.

"ಸಂಜೆ ಸಭಾಂಗಣಕ್ಕೆ ಬಂದ್ರು," ಅವಳು ಮುಂದುವರಿಸಿದಳು. "ಕಣ್ಣು ಕೆಂಪಗಿತ್ತು. ತಲೆನೋವು ಅಂದ್ರು. ಗ್ರಾಫ್ ಕೊಟ್ಟು, ಮುತ್ತಿನಂಗೆ ಬಂದಿದೆ ನೋಡು ಅಂದ್ರು. ಆಮೇಲೆ ಒಂದು ಮಾತು ಕೇಳಿದ್ರು."

"ಏನು?"

"ನಿನ್ನ ಪುಡಿ ವಿಷಯದಲ್ಲಿ ನನಗೆ ಹೇಳ್ಬೇಕಾದ್ದು ಏನಾದ್ರೂ ಇದ್ಯೇನಮ್ಮ ಅಂತ."

"ನೀನೇನಂದೆ?"

ಅವಳು ನನ್ನ ಮುಖ ನೋಡಲಿಲ್ಲ. "ಏನೂ ಇಲ್ಲ ಅಣ್ಣ ಅಂದೆ."

"ಅವರು?"

"ಸರಿ ಅಂದ್ರು. ಚೆನ್ನಾಗಿ ನಿದ್ದೆ ಮಾಡು, ನಾಳೆ ಧೈರ್ಯವಾಗಿ ಮಾತಾಡು ಅಂದ್ರು."

ಕೊಳವೆಯ ಒಳಗಿನ ಹೊಳಪನ್ನು ನೋಡಿಯೇ ಅವನು ಅಲ್ಲಿಗೆ ಬಂದಿದ್ದ. ತಾನು ಉಸಿರಾಡಿದ್ದು ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರೇ, ದೊಡ್ಡ ಮೇಷ್ಟ್ರು. ಕೊಳವೆಯನ್ನು ಒಡೆದ ಗಾಜಿನಲ್ಲಿ ಬಚ್ಚಿಟ್ಟವನೂ ಅವನೇ ಇರಬೇಕು. ಒಡೆದುಹಾಕಲು ಮಾತ್ರ ಆ ಜಿಪುಣನಿಗೆ ಮನಸ್ಸು ಬಂದಿಲ್ಲ.

ಆಸ್ಪತ್ರೆಗೆ ಹೋದರೆ ನಿಕ್ಕಲ್ ಎಂದು ಹೇಳಲೇಬೇಕು. ಹೇಳಿದರೆ ಪುಡಿಯ ಕತೆ ಬಯಲಿಗೆ ಬರುತ್ತದೆ, ಮಾರನೇ ದಿನದ ವೈವಾ ಅಲ್ಲಿಗೇ ನಿಲ್ಲುತ್ತದೆ. ಹೇಳದೆ ಇದ್ದುಬಿಟ್ಟ. ಅಥವಾ ಕನ್ನಡಿಗಿಂತ ಈ ಹುಡುಗಿಯ "ಏನೂ ಇಲ್ಲ ಅಣ್ಣ" ಎಂಬ ಮಾತನ್ನೇ ನಂಬಿದನೋ?

"ಅವರಿಗೆ ಗೊತ್ತಾಗಿತ್ತಾ ಮೇಡಂ?" ಅವಳು ನನ್ನನ್ನೇ ಕೇಳಿದಳು. "ನನಗೋಸ್ಕರ ಸುಮ್ಮನಿದ್ರಾ? ಇಲ್ಲ ನನ್ನ ಸುಳ್ಳು ನಂಬಿದ್ರಾ? ಎರಡರಲ್ಲಿ ಯಾವುದು ಆಗಿದ್ರೆ ನಾನು ಬದುಕ್ಬಹುದು, ಹೇಳಿ."

ನಾನೂ ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ.

"ವೈವಾ ಮುಗಿದ ಮೇಲೆ ಅವರನ್ನ ನೋಡಿದ್ಯಾ?"

"ನೋಡಿದೆ. ಕಾಲಿಗೆ ಬೀಳೋಣ, ಎಲ್ಲ ಹೇಳಿಬಿಡೋಣ ಅಂತಲೇ ಹುಡುಕ್ಕೊಂಡು ಹೋದೆ. ಮೇಷ್ಟ್ರ ಕೋಣೇಲಿದ್ರು. ಬಾಗಿಲು ಅರ್ಧ ತೆಗೆದಿತ್ತು."

ನಾನು ನೆಟ್ಟಗೆ ಕೂತೆ. "ಯಾರ ಕೋಣೇಲಿ?"

"ದೊಡ್ಡ ಮೇಷ್ಟ್ರ ಕೋಣೇಲಿ. ತುಂಬ ಹೊತ್ತು ಇದ್ರು. ಮೇಷ್ಟ್ರು ಅವರ ಎರಡೂ ಕೈ ಹಿಡ್ಕೊಂಡು ಏನೋ ಹೇಳ್ತಿದ್ರು. ಅದು ಕೇಳಿಸಲಿಲ್ಲ. ಅಣ್ಣ ಹೊರಡುವಾಗ ಹೇಳಿದ್ದು ಮಾತ್ರ ಕೇಳಿಸ್ತು."

"ಏನಂದ್ರು?"

"ಆಗ್ಲಿ ಸರ್, ಗುರುವಾರದವರೆಗೆ ಕಾಯ್ತೀನಿ. ಅಷ್ಟೇ."

*

ಸಂಜೆ ಪರ್ಮನೆಂಟನ ಮನೆಗೆ ನಡೆದೇ ಹೋದೆ. ಬಸ್ಸಿತ್ತು, ಹತ್ತಲಿಲ್ಲ. ಬೇಗ ತಲುಪುವುದು ನನಗೆ ಬೇಕಿರಲಿಲ್ಲ.

ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಅವನ ಬಿಳಿ ಕೋಟು. ಒಗೆದು ಇಸ್ತ್ರಿ ಮಾಡಿತ್ತು. ಮಗಳು ಒಳಗಿನ ಕೋಣೆಯಲ್ಲಿ ಗಟ್ಟಿಯಾಗಿ ಮಗ್ಗಿ ಹೇಳಿಕೊಳ್ಳುತ್ತಿದ್ದಳು.

"ಬನ್ನಿ ಅಕ್ಕ," ಎಂದಳು ಅವನ ಹೆಂಡತಿ. ನನ್ನ ಮುಖ ನೋಡಿದವಳು ಮುಂದಕ್ಕೆ ಏನನ್ನೂ ಕೇಳಲಿಲ್ಲ. ತಾನೇ ಮಾತು ತೆಗೆದಳು. "ದೊಡ್ಡ ಮೇಷ್ಟ್ರು ಬೆಳಗ್ಗೆ ಫೋನ್ ಮಾಡಿದ್ರು. ನಾಳೆ ಸಮಿತಿ ಮುಂದೆ, ನಮ್ಮ ಯಜಮಾನ್ರು ಇತ್ತೀಚೆಗೆ ತುಂಬ ಮಂಕಾಗಿದ್ರು ಅಂತ ಒಂದು ಮಾತು ಹೇಳಿದ್ರೆ ಸಾಕಂತೆ. ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ ಕೊಡಿಸ್ತಾರಂತೆ. ಕಾಯಂ ಕೆಲಸ. ಸಂಜೆ ಮತ್ತೆ ಮಾಡ್ತೀನಿ, ಯೋಚನೆ ಮಾಡಿಡಮ್ಮ ಅಂದ್ರು."

"ಮಂಕಾಗಿದ್ರಾ?"

ಅವಳ ಮುಖದಲ್ಲಿ, ಆ ವಾರದಲ್ಲಿ ನಾನು ಮೊದಲ ಸಲ ಕಂಡ ಒಂದು ನಗು ಬಂದು ಹೋಯಿತು.

"ಮಂಗಳವಾರ ಸಂಜೆ ಬಂದಾಗ ಕುಣೀತಿದ್ರು ಅಕ್ಕ. ಮಗಳನ್ನ ಎತ್ಕೊಂಡು, ಗುರುವಾರದಿಂದ ನಿಮ್ಮಪ್ಪನ ಅಡ್ಡಹೆಸರು ನಿಜ ಆಗುತ್ತೆ ಕಣೇ ಅಂತ. ಮೇಷ್ಟ್ರು ಮಾತು ಕೊಟ್ಟಿದ್ರಂತೆ. ಸಮಿತೀಲಿ ನಾನೇ ನಿಂತು ಮಾಡಿಸ್ತೀನಿ, ಅಲ್ಲೀವರೆಗೆ ಯಾವ ಗಲಾಟೆನೂ ಬೇಡ ಅಂತ. ಏನು ಗಲಾಟೆ ಅಂತ ನಾನು ಕೇಳಲಿಲ್ಲ. ಖುಷೀಲಿ ಮರೆತೇಬಿಟ್ಟೆ."

ಅಂದರೆ ಅವನು ಎಲ್ಲವನ್ನೂ ಮೇಷ್ಟ್ರಿಗೆ ಹೇಳಿದ್ದ. ಗಾಜಿಗೆ ಕಟ್ಟಿದ ಕನ್ನಡಿ ನೋಡಿದ್ದನ್ನೂ ಹೇಳಿದ್ದ. ಪ್ರಪಂಚದಲ್ಲೆಲ್ಲ ಆ ವಿಷದ ಮೇಲೆ ಭಾಷಣ ಮಾಡಿ ಬಂದವರು, ಮಗನ ಹಾಗಿದ್ದವನ ಕೈ ಹಿಡಿದುಕೊಂಡು, ಎರಡು ದಿನ ತಡೆದುಕೋ ಎಂದು ಕಳಿಸಿದ್ದರು.

"ಬುಧವಾರ ಬೆಳಗ್ಗೆ ಏಳೋಕೆ ಆಗಲಿಲ್ಲ," ಎಂದಳು ಅವಳು. "ಕೆಮ್ಮು. ಸಂಜೆ ಹೊತ್ತಿಗೆ ತುಟಿ ನೀಲಿ ಆಗ್ತಾ ಬಂತು. ಆಸ್ಪತ್ರೆಗೆ ಹೋಗೋಣ ಅಂದ್ರೆ, ನಾಳೆ ಸಂದರ್ಶನ ಮುಗಿಸ್ಕೊಂಡು ಹೋಗೋಣ ಅಂತ ಹಟ. ನಾನು ಕೇಳಲಿಲ್ಲ. ಪಕ್ಕದ ಮನೆಯವರ ಕಾರು ಕೇಳ್ಕೊಂಡು ಬಂದೆ. ಮಗಳನ್ನ ಅವರ ಮನೇಲಿ ಬಿಟ್ಟೆ. ಬಾಗಿಲಿಗೆ ಬೀಗ ಹಾಕ್ಬೇಕು, ಆಗ ಫೋನ್ ಬಂತು."

ಒಳಗೆ ಮಗ್ಗಿ ನಿಂತಿತು. ಮತ್ತೆ ಮೊದಲಿಂದ ಶುರುವಾಯಿತು.

"ಯಾರದು?" ಎಂದೆ. ನನಗೆ ಗೊತ್ತಿತ್ತು. ಗೊತ್ತಿದ್ದರೂ ಕೇಳಲೇಬೇಕಿತ್ತು.

"ದೊಡ್ಡ ಮೇಷ್ಟ್ರದು. ಹೀಗಿದೆ ಸರ್, ಆಸ್ಪತ್ರೆಗೆ ಹೊರಟಿದೀವಿ ಅಂದೆ. ಅಯ್ಯೋ, ಹೆದರ್ಕೋಬೇಡಮ್ಮ, ಪ್ರಯೋಗಾಲಯದ ಧೂಳಿಗೆ ನಮ್ಮೆಲ್ಲರಿಗೂ ಬರೋ ನೆಗಡಿ ಇದು, ಆಸ್ಪತ್ರೇಲಿ ಸುಮ್ಮನೆ ಮಲಗಿಸಿಬಿಡ್ತಾರೆ, ಸಂದರ್ಶನ ತಪ್ಪಿಹೋಗುತ್ತೆ, ಆವಿ ಕೊಡು, ಬೆಳಗ್ಗೆ ನಾನೇ ಡಾಕ್ಟರನ್ನ ಕಳಿಸ್ತೀನಿ ಅಂದ್ರು. ಅಷ್ಟು ತಿಳಿದವರು ಹೇಳಿದ್ರಲ್ಲ ಅಂತ..." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಕಾರು ವಾಪಸ್ ಕಳಿಸಿದೆ. ಆವಿ ಕೊಟ್ಟೆ."

ಇಷ್ಟು ವರ್ಷ ಈ ಕಸುಬಿನಲ್ಲಿ ಎಂಥೆಂಥ ಮನೆಗಳಿಗೆ ಎಂಥೆಂಥ ಸುದ್ದಿ ಒಯ್ದಿದ್ದೇನೆ. ಈ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಬಿದ್ದಿತ್ತು. ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು ಎಂದು ಹೇಳಿದರೆ, ಆ ಸಂಜೆ ಆಸ್ಪತ್ರೆಗೆ ಹೋಗಿದ್ದರೆ ಗಂಡ ಉಳಿಯುತ್ತಿದ್ದನೇನೋ ಎಂಬುದನ್ನೂ ಹೇಳಿದಂತೆ. ಕಾರು ವಾಪಸ್ ಕಳಿಸಿದವಳು ಆ ಒಂದು ಮಾತನ್ನು ಹೊತ್ತುಕೊಂಡು ಉಳಿದ ಬದುಕನ್ನು ಹೇಗೆ ಸಾಗಿಸಬೇಕು?

ಆದರೆ ಅವಳು ದಡ್ಡಿಯಲ್ಲ. ನನ್ನ ಮೌನವನ್ನು ಓದಿಕೊಂಡಳು.

"ಮೇಷ್ಟ್ರಿಗೆ ಗೊತ್ತಿತ್ತಾ ಅಕ್ಕ? ಅದು ನೆಗಡಿ ಅಲ್ಲ ಅಂತ?"

ಸುಳ್ಳು ಹೇಳಬಹುದಿತ್ತು. ತಿಪ್ಪೆ ಸಾರಿಸಬಹುದಿತ್ತು. ಬೆಳಗ್ಗೆಯಿಂದ ಆ ಕಟ್ಟಡದಲ್ಲಿ ಅದನ್ನೇ ನೋಡಿ ನೋಡಿ ನನಗೆ ಸಾಕಾಗಿತ್ತು.

"ಗೊತ್ತಿತ್ತಮ್ಮ," ಎಂದೆ.

ಅವಳು ಅಳಲಿಲ್ಲ. ಎದ್ದು ಹೋಗಿ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದು ಬಂದಳು. ಮಗ್ಗಿಯ ದನಿ ಸಣ್ಣದಾಯಿತು. ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು.

ಮೇಷ್ಟ್ರ ಹೆಸರು ನೋಡಿ ನಾನು ಕೈ ಚಾಚಿದೆ. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ನನಗೂ ಕೇಳಿಸಲೆಂದು ಸ್ಪೀಕರ್ ಒತ್ತಿದಳು.

"ಏನಮ್ಮಾ, ಯೋಚನೆ ಮಾಡಿದ್ಯಾ?"

"ಮಾಡಿದೆ ಸರ್. ಅದಕ್ಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು. ಬುಧವಾರ ಸಂಜೆ ಆಸ್ಪತ್ರೆಗೆ ಹೊರಟವಳನ್ನ ಬೇಡ ಅಂದ್ರಲ್ಲ ಸರ್. ಯಾಕಂದ್ರಿ?"

ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು, ಮುದುಕರ ಉಸಿರು.

"ಅದು ನನ್ನ ಮಾತಲ್ಲಮ್ಮ," ಎಂದರು. "ಇದನ್ನ ಯಾರಿಗೂ ಹೇಳಬಾರದು ಅಂತಿದ್ದೆ. ಮಂಗಳವಾರ ಅವನು ನನ್ನ ಕೋಣೆಗೆ ಬಂದಿದ್ದ. ನಡೀ, ಈಗಲೇ ಆಸ್ಪತ್ರೆಗೆ ಹೋಗೋಣ ಅಂತ ಕೈ ಹಿಡಿದು ಎಳೆದೆ. ಬರಲಿಲ್ಲ. ಆ ಹುಡುಗಿಯ ಡಿಗ್ರಿ ಕೈಗೆ ಬರಲಿ, ನನ್ನ ಸಂದರ್ಶನ ಆಗಲಿ, ಗುರುವಾರದವರೆಗೆ ಕಾಯ್ತೀನಿ ಅಂದ. ನನ್ನ ಹೆಂಡತಿ ಹೆದರಿ ಎಲ್ಲಿಗಾದ್ರೂ ಕರ್ಕೊಂಡು ಹೊರಟ್ರೆ ನೀವೇ ಏನಾದ್ರೂ ಹೇಳಿ ನಿಲ್ಲಿಸ್ಬೇಕು ಸರ್ ಅಂತ ಆಣೆ ಹಾಕಿಸ್ಕೊಂಡ."

"ಸುಳ್ಳು!" ಎಂದೆ ನಾನು, ಫೋನಿನಲ್ಲಿ ಕೇಳಿಸುವಷ್ಟು ಜೋರಾಗಿ.

ಅವಳು ನನ್ನ ಕಡೆ ನೋಡಲಿಲ್ಲ. ಬಾಗಿಲ ಹಿಂದಿನ ಕೋಟಿನ ಮೇಲೆ ಅವಳ ಕಣ್ಣು ನಿಂತಿತ್ತು.

"ಇರಿ ಅಕ್ಕ," ಎಂದಳು. "ನಮ್ಮ ಯಜಮಾನ್ರು ಹಾಗೆ ಹೇಳಿದ್ರೂ ಹೇಳಿರ್ತಾರೆ."